ಹಸುಳೆಗಳ ಉಸಿರಿಗೆ ಕಂಟಕ: ಆರ್‌ಎಸ್‌ವಿ ಸೋಂಕು

ರೆಸ್ಪಿರೇಟರಿ ಸಿನ್ಸಿಷಿಯಲ್ ವೈರಸ್ (ಆರ್‌ಎಸ್‌ವಿ) ಮೊದಲು ಪತ್ತೆಯಾದದ್ದು 1956ರಲ್ಲಿ, ಚಿಂಪಾಂಜಿಗಳಲ್ಲಿ. ಎರಡು ವರ್ಷ ತುಂಬುವಷ್ಟರಲ್ಲಿ ಬಹುತೇಕ ಎಲ್ಲ ಮಕ್ಕಳಿಗೂ ಇದು ತಗಲುತ್ತದೆ. ಹೆಚ್ಚಿನವರಲ್ಲಿ ನೆಗಡಿಯಷ್ಟಕ್ಕೇ ಮುಗಿಯುವ ಸೋಂಕು, ಆರು ತಿಂಗಳೊಳಗಿನ ಶಿಶುಗಳು, ಅವಧಿಗೆ ಮುನ್ನ ಜನಿಸಿದವರು ಹಾಗೂ ಹುಟ್ಟಿನಿಂದಲೇ ಹೃದ್ರೋಗವುಳ್ಳವರಲ್ಲಿ ಉಗ್ರರೂಪ ತಾಳಬಹುದು. ಶ್ವಾಸಕೋಶದ ಕಿರುನಾಳಗಳು ಊದಿ, ಕಫ ಕಟ್ಟಿ, ಉಸಿರಾಟ ದುಸ್ತರವಾಗುತ್ತದೆ.

ಲಕ್ಷಣಗಳು: ಏದುಸಿರು, ಉಸಿರೆಳೆದಾಗ ಪಕ್ಕೆ ಒಳಸೇರುವುದು, ಹಾಲು ಕುಡಿಯದಿರುವುದು, ತುಟಿ ನೀಲಿಗಟ್ಟುವುದು. ಇವು ಕಂಡೊಡನೆ ಮಗುವನ್ನು ಆಸ್ಪತ್ರೆಗೆ ಒಯ್ಯಬೇಕು.

ಚಿಕಿತ್ಸೆ: ವೈರಸ್ಸಿನ ಮೇಲೆ ಆಂಟಿಬಯೋಟಿಕ್ ಕೆಲಸ ಮಾಡದು. ಆಮ್ಲಜನಕ, ದ್ರವಾಹಾರಗಳೇ ಮುಖ್ಯ ಆಧಾರ.

ತಡೆ: ಗರ್ಭಿಣಿಯರಿಗೆ ನೀಡುವ ಲಸಿಕೆಗೂ ಶಿಶುಗಳಿಗೆ ಕೊಡುವ ನಿರ್ಸೆವಿಮಾಬ್ ಚುಚ್ಚುಮದ್ದಿಗೂ 2023ರಲ್ಲಿ ಅಮೆರಿಕ ಅನುಮತಿ ನೀಡಿತು. ಅಂದಾಜಿನಂತೆ, 2019ರಲ್ಲಿ ಐದು ವರ್ಷದೊಳಗಿನ ಸುಮಾರು 1 ಲಕ್ಷ ಮಕ್ಕಳು ಈ ಸೋಂಕಿಗೆ ಬಲಿಯಾದರು. ಅವರಲ್ಲಿ ಶೇ 97ರಷ್ಟು ಮಂದಿ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು.