ಪಾಸು, ನಪಾಸು

ಇಂಗ್ಲಿಷಿನ 'ಪಾಸ್' ನಮ್ಮಲ್ಲಿ ಮಾಡದ ಕೆಲಸವಿಲ್ಲ. ಹುಡುಗ ಪಾಸಾಗುತ್ತಾನೆ, ವಿಧಾನಸಭೆಯಲ್ಲಿ ಮಸೂದೆ ಪಾಸಾಗುತ್ತದೆ, ಕಚೇರಿಯಲ್ಲಿ ಬಿಲ್ಲು ಪಾಸಾಗುತ್ತದೆ (ಆದರೆ ಪುಣ್ಯ :-)). ಮುರ್ಡೇಶ್ವರದಿಂದ ಹೊನ್ನಾವರದ ಕಾಲೇಜಿಗೆ ಹೋಗುವವರ ಕಿಸೆಯಲ್ಲಿ ಬಸ್ ಪಾಸು. ಇದರ ಮೂಲ ಲ್ಯಾಟಿನ್ನಿನ 'ಪಾಸುಸ್', ಅಂದರೆ ಹೆಜ್ಜೆ. ಹೆಜ್ಜೆ ಹಾಕು, ದಾಟು, ಮುಂದೆ ಹೋಗು... ಇಷ್ಟೇ ಅರ್ಥ.

ಆದರೆ ಕನ್ನಡ ಇಂಗ್ಲಿಷ್ ಕ್ರಿಯಾಪದವನ್ನು ಹಾಗೇ ಬಳಸುವುದಿಲ್ಲ. ಅದನ್ನು ನಾಮಪದದ ಹಾಗೆ ಇಟ್ಟುಕೊಂಡು ಪಕ್ಕಕ್ಕೆ ನಮ್ಮದೇ 'ಆಗು', 'ಮಾಡು' ಸೇರಿಸುತ್ತದೆ. ವ್ಯತ್ಯಾಸ ನೋಡಿ: 'ಹುಡುಗ ಪಾಸಾದ' ಅಂದರೆ ಅವನ ಸಾಮರ್ಥ್ಯ. 'ಮಾಸ್ತರು ಪಾಸು ಮಾಡಿದರು' ಅಂದರೆ ಮಾಸ್ತರ ದಯೆ!

ಈ ಶಬ್ದ ನಮ್ಮ ಜಿಲ್ಲೆಯಲ್ಲಿ ಬೇರು ಬಿಟ್ಟಿದ್ದಕ್ಕೆ ಇತಿಹಾಸವಿದೆ. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಭಟ್ಕಳ, ಹೊನ್ನಾವರ, ಕುಮಟಾ ಎಲ್ಲ ಮುಂಬಯಿಯದಾದವು. 1956ರ ತನಕ ಹಾಗೇ ಇತ್ತು. ಮುಂಬಯಿ ವಿಶ್ವವಿದ್ಯಾಲಯ 1857ರಲ್ಲಿ ಹುಟ್ಟಿ, 1859ರಲ್ಲಿ ಮೊದಲ ಮೆಟ್ರಿಕ್ ಪರೀಕ್ಷೆ ನಡೆಸಿತ್ತು. ಹಳ್ಳಿಯವರಿಗೆ ಅದು ದೂರದ ಮಾತು. ಅವರಿಗೆ ಹತ್ತಿರದ್ದು ಏಳನೇತ್ತೆಯ ಮುಲ್ಕಿ ಪರೀಕ್ಷೆ. 'ಮುಲ್ಕಿ ಪಾಸು' ಅಂದರೆ ಪ್ರಾಥಮಿಕ ಶಾಲೆಯ ಮಾಸ್ತರಿಕೆಗೆ ದಾರಿ. ದಾಟುವ ಕ್ರಿಯೆ ಹೀಗೆ ಮನುಷ್ಯನ ಹೆಸರಿಗಂಟಿದ ಪದವಿಯಾಯಿತು.

ದಾಟದವರಿಗೆ? ಅವರಿಗೂ ಮುಂಬಯಿ ಕಡೆಯಿಂದಲೇ ಒಂದು ಶಬ್ದ ಬಂತು: 'ನಪಾಸು'. ಮರಾಠಿ, ಗುಜರಾತಿಯಲ್ಲೂ ಇದೇ 'ನಾಪಾಸ್'. ನಾಲಾಯಕ್ಕಿನಲ್ಲಿರುವ ಫಾರ್ಸಿಯ 'ನಾ', ಇಂಗ್ಲಿಷಿನ 'ಪಾಸ್', ಕೊನೆಗೆ ಕನ್ನಡದ 'ಉ'. ಮೂರು ಭಾಷೆ ಕೂಡಿ ಒಬ್ಬ ಹುಡುಗನನ್ನು ಕೆಳಗಿಳಿಸಿದ್ದು ಹೀಗೆ! ಬೆಂಗಳೂರಿನವರು 'ಫೇಲು', 'ಡುಮ್ಕಿ' ಅನ್ನುತ್ತಾರೆ. ಡುಮ್ಕಿ ಹೊಡೆದವನು ಮತ್ತೆ ಏಳಬಹುದು, ಅದರಲ್ಲಿ ಸ್ವಲ್ಪ ನಗುವಿದೆ. 'ನಪಾಸು' ಮಾತ್ರ ಮುದ್ರೆ ಒತ್ತಿದ ಹಾಗೆ. ಪೆಟ್ಟಿಗೆಯಿಂದ ತೆಗೆದಿಟ್ಟ ಒಡಕು ಹೆಂಚಿಗೆ ಅನ್ನುವಂಥ ಮಾತು.

ಪುಸ್ತಕದ ಕನ್ನಡದಲ್ಲಿ 'ತೇರ್ಗಡೆ' ಇದೆ. ತಮಿಳಿನವರು 'ತೇರ್ಚ್ಚಿ' ಅನ್ನುತ್ತಾರೆ, ಎರಡೂ ಒಂದೇ ಬಳ್ಳಿಯವು. ಸಂಸ್ಕೃತದ 'ಉತ್ತೀರ್ಣ' ಇನ್ನೂ ಸ್ವಾರಸ್ಯ. ಅದರ ಮೂಲಾರ್ಥ ನೀರು ದಾಟಿ ಆಚೆ ದಡ ಸೇರಿದವನು. ಲ್ಯಾಟಿನ್ನಿನ ಹೆಜ್ಜೆಯೂ ಸಂಸ್ಕೃತದ ದಡವೂ ಹೇಳುವುದು ಒಂದನ್ನೇ: ದಾಟುವುದು.

ಇದನ್ನು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಸೇತುವೆ ಬರುವ ಮುಂಚೆ ಹೊನ್ನಾವರದಲ್ಲಿ ಶರಾವತಿಯನ್ನು ದೋಣಿಯಲ್ಲೇ ದಾಟಬೇಕಿತ್ತು. ದೋಣಿ ತಪ್ಪಿದವನನ್ನು ಯಾರೂ ನಪಾಸು ಅನ್ನಲಿಲ್ಲ. ಅವನು ದಡದಲ್ಲಿ ಕೂತು ಮುಂದಿನ ದೋಣಿಗೆ ಕಾಯುತ್ತಿದ್ದ, ಅಷ್ಟೇ.

ಸರ್ಕಾರಕ್ಕೂ ಇದು ತಡವಾಗಿ ಹೊಳೆದಿದೆ. 2020ರಲ್ಲಿ ಸಿಬಿಎಸ್‌ಇ ಅಂಕಪಟ್ಟಿಯಲ್ಲಿ 'ಫೇಲ್' ಬದಲು 'ಎಸೆನ್ಶಿಯಲ್ ರಿಪೀಟ್' ಎಂದು ಬರೆಯಿತು. 2024ರಲ್ಲಿ ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ 'ಪೂರಕ ಪರೀಕ್ಷೆ' ಹೆಸರು ಹೋಗಿ ಪರೀಕ್ಷೆ-1, 2, 3 ಬಂದವು. ಹೆಸರು ಬದಲಾಯಿಸಿದರೆ ಗಣಿತ ಸುಲಭವಾಗಲ್ಲ, ಒಪ್ಪಿದೆ. ಆದರೆ ಫಲಿತಾಂಶದ ದಿನ ಮನೆಗೆ ಬರಲು ಹೆದರಿ ಸಮುದ್ರದ ಕಡೆ ನಡೆಯುವ ಹುಡುಗನಿಗೆ, 'ನಪಾಸಾದ್ಯಾ?' ಅನ್ನುವುದಕ್ಕೂ 'ಇನ್ನೊಂದು ದೋಣಿ ಇದೆ, ಊಟಕ್ಕೆ ಬಾ' ಅನ್ನುವುದಕ್ಕೂ ಬಹಳ ಅಂತರವಿದೆ.

ನಿಮ್ಮೂರ ಕಡೆ ಇದಕ್ಕೆ ಏನನ್ನುತ್ತಾರೆ? ತಿಳಿಸಿ.