ಅರ್ಜಿ ಪರಿಶೀಲನೆಯಲ್ಲಿದೆ

'ಕೊಡೋದಿಲ್ಲ' ಅಂತ ಸರ್ಕಾರ ಬರೆದುಕೊಟ್ಟರೆ ಆ ಕಾಗದ ಹಿಡಿದು ಕೋರ್ಟಿಗೆ ಹೋಗಬಹುದು. 'ಅರ್ಜಿ ಪರಿಶೀಲನೆಯಲ್ಲಿದೆ' ಅಂದರೆ ಏನು ಹಿಡಿದು ಹೋಗೋದು? ಕುರ್ಚಿಯಲ್ಲಿ ಕೂತವರಿಗೆ ಈ ಗುಟ್ಟು ಚೆನ್ನಾಗಿ ಗೊತ್ತು. ಬಂದೂಕಿನ ಲೈಸೆನ್ಸಿನ ಚರಿತ್ರೆಯೇ ಇದಕ್ಕೆ ಸಾಕ್ಷಿ.

ಅಮೆರಿಕೆಯನ್ನು ನೋಡಿ. 1865ರಲ್ಲಿ ಗುಲಾಮಗಿರಿ ಹೋಯಿತು. ಅದೇ ವರ್ಷ ಮಿಸಿಸಿಪ್ಪಿ ರಾಜ್ಯ ಕಾನೂನು ಮಾಡಿತು: ಸೈನ್ಯದಲ್ಲಿಲ್ಲದ ಕರಿಯ ಕೌಂಟಿ ಮಂಡಳಿಯ ಲೈಸೆನ್ಸಿಲ್ಲದೆ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಸಿಕ್ಕಿಬಿದ್ದರೆ ಆ ಬಂದೂಕು ಚಾಡಿ ಹೇಳಿದವನ ಪಾಲು! 1893ರ ಫ್ಲಾರಿಡಾ ಇನ್ನೂ ಜಾಣ. ರೈಫಲಿಗೆ ಲೈಸೆನ್ಸ್ ಬೇಕೆಂದಿತು, ಬಣ್ಣದ ಮಾತೇ ಎತ್ತಲಿಲ್ಲ. 1941ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬ್ಯೂಫೋರ್ಡ್ ನಿಜ ಬರೆದರು: ಇದು ಕರಿಯ ಕೂಲಿಗಳನ್ನು ನಿರಾಯುಧರನ್ನಾಗಿ ಮಾಡಲು ತಂದದ್ದು, ಬಿಳಿಯರಿಗೆ ಅನ್ವಯಿಸುವ ಉದ್ದೇಶವೇ ಇರಲಿಲ್ಲ.

1956ರ ಜನವರಿಯಲ್ಲಿ ಮಾಂಟ್ಗೊಮರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮನೆಗೆ ಬಾಂಬು ಬಿತ್ತು. ಅವರು ಪಿಸ್ತೂಲಿನ ಪರವಾನಗಿ ಕೇಳಿದರು. ಕೊಡಲಿಲ್ಲ. ಮುಂದೆ ಕಿಂಗ್ ತಾವಾಗಿಯೇ ಬಂದೂಕಿನ ದಾರಿ ಬಿಟ್ಟರು, ಆ ಮಾತು ಬೇರೆ. ಕೊಡುವುದು ಬಿಡುವುದು ಅಧಿಕಾರಿಯ ಮರ್ಜಿಯಾದರೆ ಬಾಂಬು ಬಿದ್ದ ಮನೆಯೂ ಸಾಕ್ಷಿಯಾಗುವುದಿಲ್ಲ ಅನ್ನೋದು ನಮಗೆ ಮುಖ್ಯ.

ಈ ಮರ್ಜಿಯ ಬೇರಿಗೆ ಕೊಡಲಿ ಹಾಕಿದ್ದು ಬಂದೂಕಿನ ಕೇಸಲ್ಲ, ಮೆರವಣಿಗೆಯ ಕೇಸು. 1963ರಲ್ಲಿ ಕರಿಯ ಪಾದ್ರಿ ಫ್ರೆಡ್ ಶಟಲ್ಸ್‌ವರ್ತ್ ಬರ್ಮಿಂಗ್‌ಹ್ಯಾಮ್‌ನಲ್ಲಿ ಪರ್ಮಿಟ್ ಇಲ್ಲದೆ 52 ಜನರೊಂದಿಗೆ ನಡೆದರು. ಪರ್ಮಿಟ್ ಕೇಳಿದಾಗ ಸಿಕ್ಕಿದ್ದು ಜೈಲಿನ ಬೆದರಿಕೆ. 1969ರಲ್ಲಿ ಅಮೆರಿಕೆಯ ಸುಪ್ರೀಂ ಕೋರ್ಟು ಅವರ ಶಿಕ್ಷೆ ರದ್ದು ಮಾಡಿತು: ಖಚಿತ ನಿಯಮವಿಲ್ಲದೆ ಹಕ್ಕನ್ನು ಅಧಿಕಾರಿಯ ಇಷ್ಟಕ್ಕೆ ಬಿಡುವಂತಿಲ್ಲ.

2022ರಲ್ಲಿ ನ್ಯೂಯಾರ್ಕಿನ ಬಂದೂಕು ಸಂಘದ ಕೇಸಿನಲ್ಲಿ ಅದೇ ಕೋರ್ಟು ಈ ತೀರ್ಪನ್ನೇ ನೆನೆಯಿತು. ಅತಿಯಾದ ವಿಳಂಬ, ಅತಿಯಾದ ಶುಲ್ಕಗಳಿಂದ ಹಕ್ಕು ತಪ್ಪಿದರೆ ಅದನ್ನೂ ಪ್ರಶ್ನಿಸಬಹುದೆಂದಿತು. 2025ರಲ್ಲಿ ಕೇಂದ್ರ ಸರ್ಕಾರವೇ ಲಾಸ್ ಏಂಜಲಿಸ್ ಶೆರಿಫ್ ಕಛೇರಿಯ ಮೇಲೆ ದಾವೆ ಹೂಡಿತು. ದಾವೆಯ ಲೆಕ್ಕ: ಹೊಸ ಅರ್ಜಿ 3,982, ಮಂಜೂರಾದದ್ದು 2. ಕರಿಯರು ಜೈಲು ಸೇರಿ ಗೆದ್ದ ನ್ಯಾಯ ಇವತ್ತು ಬಂದೂಕು ಸಂಘದವರ ಕೈಯಲ್ಲೂ ಇದೆ.

ನಮ್ಮಲ್ಲಿ ಬಂದೂಕು ಮೂಲಭೂತ ಹಕ್ಕಲ್ಲ. ಆದರೂ 1995ರ ದೌರ್ಜನ್ಯ ತಡೆ ನಿಯಮಗಳ 3ನೇ ನಿಯಮ ಓದಿ. ದೌರ್ಜನ್ಯ ನಡೆಯಬಹುದಾದ ಊರುಗಳಲ್ಲಿ ಪರಿಶಿಷ್ಟರಲ್ಲದವರ ಲೈಸೆನ್ಸ್ ರದ್ದು ಮಾಡಬಹುದು, ಪರಿಶಿಷ್ಟರಿಗೆ ಲೈಸೆನ್ಸ್ ಕೊಡಬಹುದು. ಯಾವಾಗ? 'ಅಗತ್ಯವೆಂದು ಕಂಡರೆ'. ಯಾರ ಕಣ್ಣಿಗೆ ಕಾಣಬೇಕು? ಸರ್ಕಾರದ ಕಣ್ಣಿಗೆ!

ಕೇರಿಗೆ ಬಂದೂಕು ಬರಲಿ ಅಂತ ಈ ಮಾತಲ್ಲ. ಊರಗೌಡನ ಗೋಡೆಯ ಮೇಲಿನ ಕೋವಿಯ ಲೈಸೆನ್ಸನ್ನು ಯಾಕೆ ರದ್ದು ಮಾಡಲಿಲ್ಲ ಅಂತ ಕೇಳೋಣ. 1959ರ ಆಯುಧ ಕಾಯಿದೆಯಲ್ಲಿ ನಿರಾಕರಿಸುವ ಅಧಿಕಾರಿ ಕಾರಣ ಬರೆದಿಡಬೇಕು, ಅದರ ಮೇಲೆ ಅಪೀಲಿದೆ. ಸುಮ್ಮನೆ ಕೂತರೆ ಹೈಕೋರ್ಟಿನ ರಿಟ್ ಇದೆ. ಆದ್ದರಿಂದ ಗೆಳೆಯರೇ, ಯಾವುದೇ ಅರ್ಜಿ ಕೊಟ್ಟರೂ ತಾರೀಖು ಹಾಕಿದ ರಸೀದಿ ಕೇಳಿ. ಮೌನವನ್ನು ಕೋರ್ಟಿಗೆ ಎಳೆಯಲು ಆ ಚೀಟಿಯೇ ಹಗ್ಗ.