ತಿದ್ದಲಾಗದ ಒಂದು ಅಕ್ಷರ

ಅಮ್ಮನ ಹಳೆಯ ಫೋನು ಈಗಲೂ ಅಡುಗೆಮನೆಯ ಷೆಲ್ಫಿನಲ್ಲಿದೆ. ಅದರಲ್ಲಿ ಸಿಮ್ ಇಲ್ಲ, ಪರದೆಯ ಮೂಲೆ ಬಿರುಕು ಬಿಟ್ಟಿದೆ, ಚಾರ್ಜರ್ ತೆಗೆದರೆ ಐದು ನಿಮಿಷವೂ ನಿಲ್ಲುವುದಿಲ್ಲ. ಆದರೂ ಅದನ್ನು ಬಿಸಾಡಲು ಅವಳು ಬಿಡುವುದಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಪ್ಲಗ್ಗಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಅದರಲ್ಲಿ ಅಳಗುಳಿಮಣೆ ಆಡುತ್ತಾಳೆ. ಆ ಆಟವನ್ನು ಮಾಡಿದ್ದು ನಾನು ಮತ್ತು ನನ್ನ ಮೂವರು ಗೆಳೆಯರು, 2011ರಲ್ಲಿ. ಗೆದ್ದಾಗ ಪರದೆಯ ತುಂಬ ಹೂವು ಉದುರಿ ನಡುವೆ ದಪ್ಪ ಅಕ್ಷರದಲ್ಲಿ ‘ನೀವು ಗದ್ದಿರಿ’ ಎಂದು ಬರುತ್ತದೆ. ‘ಗೆದ್ದಿರಿ’ ಆಗಬೇಕಿತ್ತು. ಎತ್ವ ಬಿಟ್ಟುಹೋಗಿದೆ.

ಮೂವತ್ತು ವರ್ಷ ಮಕ್ಕಳ ಕಾಪಿ ತಿದ್ದಿದ ಕನ್ನಡ ಟೀಚರ್ ನಮ್ಮಮ್ಮ. “ಅದೊಂದನ್ನ ಸರಿ ಮಾಡೋಕಾಗಲ್ವೇನೋ?” ಎಂದು ವರ್ಷಕ್ಕೆರಡು ಸಲವಾದರೂ ಕೇಳುತ್ತಾಳೆ. “ಆಗಲ್ಲಮ್ಮ” ಎನ್ನುತ್ತೇನೆ. ನೀನೇ ಮಾಡಿದ್ದಲ್ವಾ ಎಂಬ ಅವಳ ಮುಂದಿನ ಪ್ರಶ್ನೆಗೆ ನನ್ನಲ್ಲಿ ಚಿಕ್ಕ ಉತ್ತರವಿಲ್ಲ. ಈ ಬರಹ ಆ ಉತ್ತರವೇ.

ಆಗ ನಮ್ಮ ಕೈಲಿದ್ದ ಫೋನುಗಳಲ್ಲಿ ಕನ್ನಡ ಸರಿಯಾಗಿ ಮೂಡುತ್ತಿರಲಿಲ್ಲ. ಒತ್ತಕ್ಷರ ಒಂದು ಕಡೆ, ಕೊಂಬು ಇನ್ನೊಂದು ಕಡೆ ಚೆಲ್ಲಾಪಿಲ್ಲಿಯಾಗುತ್ತಿದ್ದವು. ಹಾಗಾಗಿ ಆಟದೊಳಗಿನ ಪ್ರತಿ ಮಾತನ್ನೂ ಚಿತ್ರವಾಗಿ ಬರೆದು ಅಂಟಿಸಿದ್ದೆವು. ಬರೆದ ಗೆಳೆಯ ರಾತ್ರಿಯೆಲ್ಲ ನಿದ್ದೆಗೆಟ್ಟು ಬರೆದಿದ್ದ; ತಪ್ಪು ನಾಲ್ವರ ಕಣ್ಣಿಗೂ ಬೀಳಲಿಲ್ಲ. ಮೊದಲ ಆವೃತ್ತಿಯನ್ನು ಮನೆಯವರ ಫೋನುಗಳಿಗೆ ಹಾಕಿಕೊಟ್ಟೆವು. ಅಮ್ಮ ಅದೇ ದಿನ ಸಂಜೆ ತಪ್ಪನ್ನು ತೋರಿಸಿದಳು. “ಮುಂದಿನ ಸಲ ಸರಿ ಮಾಡ್ತೀವಿ” ಎಂದೆ.

ಮುಂದಿನ ಸಲ ಬರಲಿಲ್ಲ. ಹನುಮಂತನಗರದ ನಮ್ಮ ಬಾಡಿಗೆ ಕೋಣೆಯಲ್ಲಿ ಇದ್ದದ್ದು ಒಂದೇ ಒಳ್ಳೆಯ ಕಂಪ್ಯೂಟರು. ಎಲ್ಲರ ಕೆಲಸವೂ ಕೊನೆಗೆ ಅದರೊಳಗೇ ಹೋಗಿ ಸೇರುತ್ತಿತ್ತು. ಅದರಲ್ಲಿದ್ದ ಫೋಲ್ಡರುಗಳ ಹೆಸರು ‘ಫೈನಲ್’, ‘ಫೈನಲ್ ಹೊಸದು’, ‘ಇದೇ ಫೈನಲ್’, ‘ದಯವಿಟ್ಟು ಮುಟ್ಟಬೇಡಿ’. ಬ್ಯಾಕಪ್ ಇರಲಿಲ್ಲವೆಂದಲ್ಲ. ದುಡ್ಡು ಕೂಡಿಸಿ ಕೊಂಡ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇತ್ತು. ಪ್ರತಿ ಶನಿವಾರ ಅದಕ್ಕೆ ಎಲ್ಲವನ್ನೂ ನಕಲು ಮಾಡುತ್ತಿದ್ದೆವು. ನಕಲಾದ ಮೇಲೆ ವೈರು ಕಿತ್ತು ಬೇರೆ ಕಡೆ ಇಡಬೇಕೆಂಬುದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಮೇ ತಿಂಗಳ ಒಂದು ಗುಡುಗು ಮಳೆಯ ಸಂಜೆ ಕರೆಂಟು ಹೋಗಿ, ಬಂದು, ಹೋಗಿ, ಮತ್ತೆ ಬಂದಾಗ ಕಂಪ್ಯೂಟರಿನಿಂದ ಸುಟ್ಟ ವಾಸನೆ ಬಂತು. ಡಿಸ್ಕೂ ಅದರ ಜೊತೆಯಲ್ಲೇ ಹೋಯಿತು. ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿದಾಗ ಒಬ್ಬರು ಆಗುವುದಿಲ್ಲ ಎಂದರು, ಇನ್ನೊಬ್ಬರು ನಮ್ಮಿಂದ ಕೊಡಲಾಗದಷ್ಟು ದುಡ್ಡು ಕೇಳಿದರು. ಹದಿನಾಲ್ಕು ತಿಂಗಳ ಕೆಲಸದಲ್ಲಿ ಉಳಿದದ್ದು ಅಮ್ಮನ ಫೋನಿನಲ್ಲಿದ್ದ ಆಟ ಒಂದೇ. ಮತ್ತೆ ಮೊದಲಿನಿಂದ ಶುರುಮಾಡುವ ಮನಸ್ಸು ಯಾರಿಗೂ ಆಗಲಿಲ್ಲ. ನಾಲ್ವರೂ ಬೇರೆ ಬೇರೆ ಕೆಲಸ ಹಿಡಿದೆವು.

ಆಟ ಉಳಿದಿದೆಯಲ್ಲ, ಮತ್ತೇನು ಕಳೆಯಿತು ಎಂದು ಕೇಳಬಹುದು. ನಾವು ಬರೆಯುವ ಸೋರ್ಸ್ ಕೋಡ್ ಮನುಷ್ಯರು ಓದಬಲ್ಲ ಬರಹ. ಕಂಪ್ಯೂಟರು ಅದನ್ನು ಅರೆದು ಯಂತ್ರಕ್ಕೆ ಬೇಕಾದ ರೂಪಕ್ಕೆ ತರುತ್ತದೆ. ಚಿತ್ರಗಳೂ ಹಾಗೆಯೇ: ಬರೆಯುವಾಗ ಅಕ್ಷರ, ನೆರಳು, ಹಿನ್ನೆಲೆ ಬೇರೆ ಬೇರೆ ಪದರಗಳಲ್ಲಿರುತ್ತವೆ, ಆಟದೊಳಗೆ ಹೋಗುವಾಗ ಒಂದಕ್ಕೊಂದು ಅಂಟಿ ಒಂದೇ ಹಾಳೆಯಾಗುತ್ತವೆ. ಹುಳಿಯನ್ನು ಉಣ್ಣಬಹುದು, ಆದರೆ ಅದರಿಂದ ಬೇಳೆಯನ್ನು ಮರಳಿ ಪಡೆಯಲಾಗದು. ನಮ್ಮ ಬಳಿ ಉಳಿದದ್ದು ಹುಳಿ ಮಾತ್ರ.

ಈ ಪೆಟ್ಟು ತಿಂದ ಮೇಲೆ, ಬೇರೆಯವರು ತಮ್ಮ ಆಟಗಳನ್ನು ಹೇಗೆ ಕಳೆದುಕೊಂಡರು, ಹೇಗೆ ಮರಳಿ ಪಡೆದರು ಎಂದು ಓದುವುದು ನನಗೊಂದು ಗೀಳಾಯಿತು. ಅದರಲ್ಲಿ ಎರಡು ಕಥೆಗಳನ್ನು ಹೇಳಲೇಬೇಕು.

ಮೊದಲನೆಯದು ಅಮೆರಿಕದ ವಿಲ್ ಕ್ರೌದರ್ ಎಂಬಾತನದು. ಇಂದಿನ ಇಂಟರ್ನೆಟ್ಟಿನ ಪೂರ್ವಜ ಅರ್ಪಾನೆಟ್‌ಗಾಗಿ ಕೆಲಸ ಮಾಡಿದ ಪ್ರೋಗ್ರಾಮರ್ ಆತ. ಬಿಡುವಿನಲ್ಲಿ ಗುಹೆಗಳಿಗಿಳಿದು ನಕ್ಷೆ ಮಾಡುವ ಹುಚ್ಚಿತ್ತು. ಕೆಂಟಕಿಯ ಮ್ಯಾಮತ್ ಗುಹಾಜಾಲವನ್ನು ಹೆಂಡತಿ ಪೆಟ್ರೀಷಿಯಾ ಜೊತೆ ಅಳೆದವನು. ವಿಚ್ಛೇದನದ ನಂತರ, 1975-76ರಲ್ಲಿ, ತನ್ನ ಹೆಣ್ಣುಮಕ್ಕಳಿಗೆಂದು ಒಂದು ಆಟ ಬರೆದ. ಅದರಲ್ಲಿ ಚಿತ್ರಗಳಿಲ್ಲ, ಬರೀ ಮಾತು. ಪರದೆ ‘ನೀನು ಇಂಥಲ್ಲಿ ನಿಂತಿದ್ದೀಯ’ ಎನ್ನುತ್ತದೆ, ನಾವು ಎಲ್ಲಿಗೆ ಹೋಗಬೇಕೆಂದು ಒಂದೆರಡು ಪದ ಟೈಪ್ ಮಾಡಬೇಕು. ಅದೇ ‘ಅಡ್ವೆಂಚರ್’. ಸ್ಟ್ಯಾನ್‌ಫರ್ಡ್‌ನ ವಿದ್ಯಾರ್ಥಿ ಡಾನ್ ವುಡ್ಸ್ ಕೈಗೆ ಈ ಆಟ ಸಿಕ್ಕಿತು. ಬರೆದವನ ವಿಳಾಸ ಗೊತ್ತಿಲ್ಲದ ಆತ ಅರ್ಪಾನೆಟ್‌ನಲ್ಲಿದ್ದ ಎಲ್ಲ ಕಂಪ್ಯೂಟರುಗಳಿಗೂ ‘ಕ್ರೌದರ್’ ಎಂಬ ಹೆಸರಿಗೆ ಪತ್ರ ಕಳಿಸಿ, ಅಪ್ಪಣೆ ಪಡೆದು, 1977ರ ಹೊತ್ತಿಗೆ ಆಟವನ್ನು ದೊಡ್ಡದಾಗಿ ಬೆಳೆಸಿದ. ಜಗತ್ತು ಆಡಿದ್ದು ಆ ಬೆಳೆದ ರೂಪವನ್ನೇ. ಕ್ರೌದರ್ ಬರೆದ ಮೂಲ ಕಳೆದೇ ಹೋಯಿತೆಂದು ಎಲ್ಲರೂ ಅಂದುಕೊಂಡಿದ್ದರು.

ಮೂಲವಿಲ್ಲದ ಕಡೆ ದಂತಕಥೆ ಹುಟ್ಟುತ್ತದೆ. ಕ್ರೌದರ್ ಬರೆದದ್ದು ಗುಹೆಯ ನಕ್ಷೆಯಷ್ಟೇ, ಮಾಯೆ ಮಂತ್ರಗಳನ್ನೆಲ್ಲ ಸೇರಿಸಿದ್ದು ವುಡ್ಸ್ ಎಂದು ಎಷ್ಟೋ ಕಡೆ ಬರೆದರು. ಕೆಲವರು ಆಟದ ಹುಟ್ಟನ್ನು 1972ಕ್ಕೇ ಒಯ್ದರು. ವುಡ್ಸ್ ವಿದ್ಯಾರ್ಥಿಯಾಗಿದ್ದಾಗಿನ ಖಾತೆಯ ಬ್ಯಾಕಪ್ ಸ್ಟ್ಯಾನ್‌ಫರ್ಡ್‌ನಲ್ಲಿ ಉಳಿದಿತ್ತು. 2005ರಲ್ಲಿ ಅದರೊಳಗೆ ಕ್ರೌದರ್‌ನ ಮೂಲ ಕೋಡ್ ಸಿಕ್ಕಿತು. ಡೆನಿಸ್ ಜೆರ್ಜ್ ಎಂಬ ಪ್ರಾಧ್ಯಾಪಕರು ಅದನ್ನು ಓದಿ, ಕೆಂಟಕಿಯ ಅಸಲಿ ಗುಹೆಗೂ ಇಳಿದು ನೋಡಿ, 2007ರಲ್ಲಿ ಪ್ರಕಟಿಸಿದರು. ಕೊಡಲಿ ಎಸೆಯುವ ಕುಳ್ಳರು ಕ್ರೌದರ್‌ನ ಮೂಲದಲ್ಲೇ ಇದ್ದರು. ಅಂಕ ಎಣಿಸುವುದನ್ನು ತಂದದ್ದು ವುಡ್ಸ್. ಯಾರು ಏನು ಬರೆದರು ಎಂಬ ಮೂವತ್ತು ವರ್ಷದ ಗೊಂದಲ ಹೀಗೆ ತೀರಿತು.

ಪಂಪನ ಯಾವ ಪದ್ಯ ಪ್ರಕ್ಷಿಪ್ತ, ಯಾವ ಪಾಠ ಶುದ್ಧ ಎಂದು ಓಲೆಗರಿಗಳನ್ನು ಪಕ್ಕಪಕ್ಕ ಇಟ್ಟು ನೋಡುವ ನಮ್ಮ ಗ್ರಂಥಸಂಪಾದಕರ ಕೆಲಸಕ್ಕೂ ಇದಕ್ಕೂ ಏನೂ ವ್ಯತ್ಯಾಸವಿಲ್ಲ. ಎರಡು ಪ್ರತಿಗಳಿದ್ದರೆ ತಾನೇ ಹೋಲಿಸುವುದು?

ಎರಡನೆಯ ಕಥೆ ನನ್ನ ತಲೆಮಾರಿನವರಿಗೆಲ್ಲ ಗೊತ್ತಿರುವ ಆಟದ್ದು. ಕಂಪ್ಯೂಟರ್ ಸೆಂಟರುಗಳಲ್ಲಿ ಮೇಷ್ಟರ ಕಣ್ಣು ತಪ್ಪಿಸಿ ನಾವು ಆಡುತ್ತಿದ್ದ ‘ಪ್ರಿನ್ಸ್ ಆಫ್ ಪರ್ಷಿಯಾ’. ಬರೆದವನು ಜೋರ್ಡನ್ ಮೆಕ್ನರ್. ತಮ್ಮನನ್ನು ಓಡಿಸಿ, ಹಾರಿಸಿ, ವಿಡಿಯೋ ತೆಗೆದು, ಅದರ ಒಂದೊಂದು ಚೌಕಟ್ಟನ್ನೂ ನೋಡಿ ರಾಜಕುಮಾರನ ನಡಿಗೆಯನ್ನು ಬಿಡಿಸಿದ. ಸಂಗೀತ ಅವನ ಅಪ್ಪ ಫ್ರಾನ್ಸಿಸ್ ಅವರದು. 1989ರಲ್ಲಿ ಆಪಲ್ 2 ಕಂಪ್ಯೂಟರಿಗಾಗಿ ಆಟ ಹೊರಬಂತು. ನಾವು ಆಡಿದ್ದು ಅದನ್ನು ನೋಡಿ ಬೇರೆಯವರು ಪಿಸಿಗೆ ಹೊಂದಿಸಿದ್ದನ್ನು.

ಹೆಚ್ಚುಕಡಿಮೆ ಹನ್ನೆರಡು ವರ್ಷಗಳ ಬಳಿಕ ಅದೇ ರಾಜಕುಮಾರನ ಹೊಸ ಆಟ ತಯಾರಾಗುತ್ತಿದ್ದಾಗ ಮೆಕ್ನರ್ ಹಳೆಯ ಸೋರ್ಸ್ ಕೋಡನ್ನು ಹುಡುಕಿದ. ಸಿಗಲಿಲ್ಲ. ಹಳೆಯ ಸಹೋದ್ಯೋಗಿಗಳ ಹತ್ತಿರವೂ ಇರಲಿಲ್ಲ. ಜಗತ್ತಿನಾದ್ಯಂತ ಮಾರಾಟವಾದ ಆಟ. ಅದನ್ನು ಬರೆದ ಬರಹ ಮಾತ್ರ ಬರೆದವನಿಗೂ ಗೊತ್ತಿಲ್ಲದ ಕಡೆ ಹೋಗಿತ್ತು. 2012ರ ಮಾರ್ಚಿನಲ್ಲಿ ಅವನ ಅಪ್ಪ ಮನೆಯ ಬೀರುವಿನ ಹಿಂದುಗಡೆ ಒಂದು ಪೆಟ್ಟಿಗೆ ಕಂಡು ಮಗನಿಗೆ ಕಳಿಸಿದರು. ಅದರಲ್ಲಿ ಮೂರೂವರೆ ಇಂಚಿನ ಫ್ಲಾಪಿಗಳ ಕಟ್ಟೊಂದಿತ್ತು. ಮೇಲೆ ಮಗನದೇ ಕೈಬರಹ.

ಫ್ಲಾಪಿ ಸಿಕ್ಕಿದ ಮಾತ್ರಕ್ಕೆ ಕೋಡ್ ಸಿಕ್ಕಿದಂತಲ್ಲ. ಫ್ಲಾಪಿಯೊಳಗಿನ ಕಾಂತೀಯ ಗುರುತುಗಳು ಕಾಲ ಸರಿದಂತೆ ಮಾಸುತ್ತವೆ. ಇಪ್ಪತ್ತೆರಡು ವರ್ಷದ ಹಳೆಯ ಡಿಸ್ಕನ್ನು ಯಾವುದೋ ಹಳೆಯ ಡ್ರೈವಿಗೆ ತುರುಕಿದರೆ ಇದ್ದದ್ದೂ ಹಾಳಾಗಬಹುದು. ಇಂಟರ್ನೆಟ್ ಆರ್ಕೈವ್‌ನ ಜೇಸನ್ ಸ್ಕಾಟ್ ಮತ್ತು ಹಳೆಯ ಆಪಲ್ ಯಂತ್ರಗಳ ಸಂಗ್ರಹಕಾರ ಟೋನಿ ಡಯಾಸ್ ಸಲಕರಣೆಗಳ ಸಮೇತ ಮೆಕ್ನರ್ ಮನೆಗೆ ಬಂದು ಒಂದು ದಿನವಿಡೀ ಕೂತು ಡಿಸ್ಕುಗಳನ್ನು ಓದಿದರು. ಅದೃಷ್ಟ ಚೆನ್ನಾಗಿತ್ತು. ಆ ಏಪ್ರಿಲ್ ತಿಂಗಳಲ್ಲೇ ಮೆಕ್ನರ್ ಕೋಡನ್ನೆಲ್ಲ ಗಿಟ್‌ಹಬ್‌ನಲ್ಲಿ ಹಾಕಿ, ಯಾರು ಬೇಕಾದರೂ ಓದಿ ಎಂದ.

ಈ ಎರಡೂ ಕಥೆಗಳಲ್ಲಿ ನನಗೆ ಕಂಡದ್ದು ಒಂದೇ. ಉಳಿಸಿದ್ದು ಆಟದ ಒಡೆಯರಲ್ಲ. ಒಂದನ್ನು ಉಳಿಸಿದ್ದು ಎಲ್ಲ ವಿದ್ಯಾರ್ಥಿಗಳ ಕಡತಗಳನ್ನೂ ಭೇದವಿಲ್ಲದೆ ನಕಲಿಸಿಟ್ಟ ಬ್ಯಾಕಪ್ ಪದ್ಧತಿ. ಇನ್ನೊಂದನ್ನು ಉಳಿಸಿದ್ದು ಮಗನ ಸಾಮಾನೆಂದು ಏನನ್ನೂ ಬಿಸಾಡದ ಅಪ್ಪ.

ದೊಡ್ಡ ಕಂಪನಿಗಳೂ ಈ ವಿಷಯದಲ್ಲಿ ನಮಗಿಂತ ಜಾಣರಾಗಿರಲಿಲ್ಲ. 2002ರ ‘ಕಿಂಗ್‌ಡಮ್ ಹಾರ್ಟ್ಸ್’ ಆಟವನ್ನು ಸುಮಾರು ಹತ್ತು ವರ್ಷದ ನಂತರ ಹೊಸ ಪರದೆಗಳಿಗೆ ಒಗ್ಗಿಸಲು ಹೊರಟಾಗ ಅದರ ಮೂಲ ಸಾಮಗ್ರಿ ಕಳೆದುಹೋಗಿರುವುದು ತಿಳಿಯಿತು. ಅಂಗಡಿಯಲ್ಲಿ ಮಾರಿದ ಆಟವನ್ನೇ ಬಗೆದು ನೋಡಿ ಎಷ್ಟೋ ಭಾಗವನ್ನು ಹೊಸದಾಗಿ ಕಟ್ಟಬೇಕಾಯಿತು. ‘ಸೈಲೆಂಟ್ ಹಿಲ್’ ಆಟಗಳ 2012ರ ಮರುಮುದ್ರಣದ ಕಥೆ ಇನ್ನೂ ವಿಚಿತ್ರ. ಅಲ್ಲಿ ಕೋಡ್ ಸಿಕ್ಕಿತು, ಆದರೆ ಅದು ಕೊನೆಯ ಆವೃತ್ತಿಯದಾಗಿರಲಿಲ್ಲ. ಹಿಂದೊಮ್ಮೆ ಯಾರೋ ಕೂತು ತಿದ್ದಿ ಮುಗಿಸಿದ್ದ ತಪ್ಪುಗಳೆಲ್ಲ ಮತ್ತೆ ಜೀವ ಪಡೆದು ಬಂದವು. ಪ್ರತಿ ಇದ್ದರೆ ಸಾಲದು, ಅದು ಯಾವ ಪ್ರತಿ ಎಂದೂ ಗೊತ್ತಿರಬೇಕು.

ಆವೃತ್ತಿಗಳ ಲೆಕ್ಕ ಇಡುವ ಪದ್ಧತಿ ಹುಟ್ಟಿದ್ದು ಇದಕ್ಕೇ. 1972ರಲ್ಲಿ ಬೆಲ್ ಲ್ಯಾಬ್ಸ್‌ನ ಮಾರ್ಕ್ ರಾಕ್‌ಕೈಂಡ್ ಒಂದು ತಂತ್ರಾಂಶ ಬರೆಯಲು ತೊಡಗಿದರು. ಪ್ರತಿ ತಿದ್ದುಪಡಿಯಲ್ಲೂ ಇಡೀ ಕಡತವನ್ನು ಮತ್ತೆ ನಕಲಿಸುವ ಬದಲು, ಏನು ಬದಲಾಯಿತೋ ಅದನ್ನಷ್ಟೇ, ಯಾರು, ಯಾವಾಗ, ಯಾಕೆ ಬದಲಿಸಿದರು ಎಂಬ ಟಿಪ್ಪಣಿಯೊಂದಿಗೆ ಇಟ್ಟುಕೊಳ್ಳುವ ಉಪಾಯ ಅದು. ಅದೇ ದಾರಿಯಲ್ಲಿ ಬೇರೆಬೇರೆ ತಂತ್ರಾಂಶಗಳು ಬಂದವು. 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್‌ನ ಕೆಲಸಕ್ಕೆಂದು ಬರೆದ ‘ಗಿಟ್’ ಇಂದು ಎಲ್ಲೆಲ್ಲೂ ಇದೆ. ಅದರ ಸೊಗಸೆಂದರೆ, ಕೆಲಸ ಮಾಡುವ ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಸಾಮಾನ್ಯವಾಗಿ ಪೂರ್ತಿ ಇತಿಹಾಸ ಇರುತ್ತದೆ. ಒಬ್ಬನ ಮನೆಗೆ ಸಿಡಿಲು ಬಡಿದರೆ ಇನ್ನೊಬ್ಬನ ಮನೆಯಲ್ಲಿ ಎಲ್ಲವೂ ಉಳಿದಿರುತ್ತದೆ.

ಆದರೆ ಆಟದವರ ಕಷ್ಟವೇ ಬೇರೆ. ಕೋಡ್ ಸಾಲುಸಾಲಾದ ಬರಹ. ಇಬ್ಬರು ಎರಡು ಕಡೆ ತಿದ್ದಿದರೆ ಹೆಚ್ಚಿನ ಸಲ ಜೋಡಿಸಬಹುದು. ಚಿತ್ರ, ಶಬ್ದ, ಗೊಂಬೆಯ ಚಲನೆ ಹಾಗಲ್ಲ. ಇಬ್ಬರು ಒಂದೇ ಚಿತ್ರವನ್ನು ತಿದ್ದಿದರೆ ಒಬ್ಬರ ಕೆಲಸ ದಂಡ. ಜೊತೆಗೆ ಆ ಕಡತಗಳು ಬಲು ಭಾರ. ಪ್ರತಿ ಆವೃತ್ತಿಯನ್ನೂ ಎಲ್ಲರ ಕಂಪ್ಯೂಟರಿಗೆ ಇಳಿಸಿಕೊಂಡರೆ ಡಿಸ್ಕು ತುಂಬಿಹೋಗುತ್ತದೆ. ಅದಕ್ಕೇ 1995ರಲ್ಲಿ ಶುರುವಾದ ‘ಪರ್ಫೋರ್ಸ್’ ದೊಡ್ಡ ಆಟದ ಸಂಸ್ಥೆಗಳಲ್ಲಿ ನೆಲೆಯೂರಿತು. ಅಲ್ಲಿ ಎಲ್ಲವೂ ಒಂದು ಸರ್ವರಿನಲ್ಲಿರುತ್ತದೆ. ಒಬ್ಬ ಕಲಾವಿದೆ ಒಂದು ಚಿತ್ರವನ್ನು ತಿದ್ದುತ್ತಿರುವಾಗ ಅದಕ್ಕೆ ಬೀಗ ಹಾಕಿಕೊಳ್ಳಬಹುದು. ಅವಳು ಬಿಡುವ ತನಕ ಬೇರೆಯವರು ಕೈಯಿಡುವಂತಿಲ್ಲ. ನಮ್ಮ ‘ದಯವಿಟ್ಟು ಮುಟ್ಟಬೇಡಿ’ ಫೋಲ್ಡರಿನ ಆಶಯವೂ ಅದೇ ಆಗಿತ್ತು, ಬೀಗ ಮಾತ್ರ ಇರಲಿಲ್ಲ. ಭಾರದ ಕಡತಗಳನ್ನು ಬೇರೆಡೆ ಇಟ್ಟು ಗಿಟ್‌ನಲ್ಲಿ ಅವುಗಳ ಗುರುತನ್ನಷ್ಟೇ ಇಡುವ ‘ಗಿಟ್ ಎಲ್ಎಫ್ಎಸ್’ 2015ರಲ್ಲಿ ಬಂದ ಮೇಲೆ ಸಣ್ಣ ತಂಡಗಳಿಗೂ ದಾರಿಯಾಯಿತು.

ಈಗ ನಾನು ಕೆಲಸ ಮಾಡುವಲ್ಲಿ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಮೊದಲ ದಿನವೇ ಹೇಳುವ ಮಾತು: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ. ಛಾಯಾಗ್ರಾಹಕ ಪೀಟರ್ ಕ್ರೋ ಬಳಕೆಗೆ ತಂದ ಸೂತ್ರವಿದು. ನಾನು ಅದಕ್ಕೆ ಎರಡು ಸೇರಿಸುತ್ತೇನೆ. ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಆಟವನ್ನು ಮರಳಿ ಕಟ್ಟಿ ನೋಡಿ. ತೆರೆದು ನೋಡದ ಬ್ಯಾಕಪ್ ಬರೀ ನಂಬಿಕೆ. ಮತ್ತೆ, ಬದಲಾವಣೆ ಮಾಡಿದಾಗಲೆಲ್ಲ ಯಾಕೆ ಮಾಡಿದಿರಿ ಎಂದು ಒಂದು ಸಾಲು ಬರೆಯಿರಿ. ‘ಸರಿ ಮಾಡಿದೆ’ ಎಂದು ಬರೆದರೆ ಆರು ತಿಂಗಳ ನಂತರ ನಿಮಗೇ ಅರ್ಥವಾಗುವುದಿಲ್ಲ.

ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿ ಬರೆಸಿ ಹಂಚಿದಳೆಂದು ಶಾಲೆಯಲ್ಲಿ ಅಮ್ಮನೇ ನಮಗೆ ಪಾಠ ಮಾಡಿದ್ದಳು. ಅದು ದಾನದ ಪಾಠವೆಂದು ಆಗ ತಿಳಿದಿದ್ದೆ. ಓಲೆಗೆ ಹುಳ ಹಿಡಿಯುತ್ತದೆ, ಮನೆಗೆ ಬೆಂಕಿ ಬೀಳುತ್ತದೆ, ಯಾವ ಪ್ರತಿ ಉಳಿಯುತ್ತದೆಂದು ಮೊದಲೇ ಹೇಳಲಾಗದು. ಅದಕ್ಕೇ ಹಂಚಬೇಕು ಎಂಬುದು ಆಮೇಲೆ ಅರ್ಥವಾಯಿತು.

ಕಳೆದ ದೀಪಾವಳಿಯಲ್ಲಿ ಊರಿಗೆ ಹೋದಾಗ ಅಮ್ಮನ ಫೋನಿನಿಂದ ಆಟದ ಕಡತವನ್ನು ಕೊನೆಗೂ ಹೊರತೆಗೆದೆ. ಮೂರು ಕಡೆ ಇಟ್ಟೆ. ಗೆಳೆಯರು ಮೂವರಿಗೂ ಕಳಿಸಿದೆ. ಅಕ್ಷರ ಬರೆದವನು ಈಗ ಮೆಲ್ಬರ್ನಿನಲ್ಲಿದ್ದಾನೆ, ರಾತ್ರಿ ಫೋನು ಮಾಡಿ “ಇನ್ನೂ ಗದ್ದಿರಿ ಅಂತಾನೇ ಇದೆಯಲ್ಲೋ!” ಎಂದು ನಕ್ಕ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು.

ಅಷ್ಟರಲ್ಲಿ ಒಳಗಿನಿಂದ ಹೂವು ಉದುರುವ ಸದ್ದು ಬಂತು. ಅಮ್ಮ ಗೆದ್ದಿದ್ದಳು.